ಲೆಕ್ಕ ಯಂತ್ರಕ್ಕಿರಲಿ, ಆಯ್ಕೆ ಮೇಜಿಗೆ ಬರಲಿ

ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನಂತಹ ಟೇಬಲ್‌ಟಾಪ್ ರೋಲ್‌ಪ್ಲೇಯಿಂಗ್ ಆಟಗಳನ್ನು, ಅಂದರೆ ಮೇಜಿನ ಸುತ್ತ ಕೂತು ಮಾತು ಮತ್ತು ದಾಳಗಳಿಂದ ಒಂದೊಂದು ಪಾತ್ರವನ್ನು ನಡೆಸುವ ಆಟಗಳನ್ನು, ಆಡುವವರು ತಮಗೆ ಹಿಡಿಸದ ನಿಯಮವೊಂದನ್ನು ತಳ್ಳಿಹಾಕಬೇಕೆಂದರೆ ಹೆಚ್ಚು ವಾದ ಮಾಡುವುದಿಲ್ಲ, "ಇದು ವಿಡಿಯೋ ಗೇಮ್ ಥರ ಇದೆ" ಎಂದುಬಿಡುತ್ತಾರೆ. ಅಲ್ಲಿಗೆ ಚರ್ಚೆ ಮುಗಿದಂತೆ. ಬೆಂಗಳೂರಿನಲ್ಲಿ ಗೆಳೆಯರ ಗುಂಪಿಗೆ ಗೇಮ್ ಮಾಸ್ಟರ್ ಆಗಿ, ಅಂದರೆ ಕಥೆ ನಡೆಸಿ ರಾಕ್ಷಸರನ್ನು ಆಡಿಸುವವನಾಗಿ, ಕೂರುವ ನನಗೆ ಈ ಮಾತು ಆಗಾಗ ಎದುರಾಗುತ್ತದೆ, ಪ್ರತಿ ಸಲವೂ ಅದು ಸೋಮಾರಿ ಟೀಕೆ ಅನ್ನಿಸುತ್ತದೆ. ವಿಡಿಯೋ ಗೇಮಿನಿಂದ ಒಂದು ನಿಯಮವನ್ನು ತರುವಾಗ ಯಾವುದನ್ನು ಬಿಟ್ಟು ಯಾವುದನ್ನು ತಂದರು ಎಂಬುದನ್ನು ನೋಡದೆ ತೀರ್ಪು ಕೊಡಲಾಗದು. ಕಂಪ್ಯೂಟರಿಗೆ ಲೆಕ್ಕ ಪುಕ್ಕಟೆ. ಮೇಜಿನ ಸುತ್ತ ಕೂತವರಿಗೆ ಕೂಡಿ ಕಳೆಯುವ ಪ್ರತಿಯೊಂದು ಅಂಕಿಗೂ ಸಮಯ ತಗಲುತ್ತದೆ. ಆದ್ದರಿಂದ ಲೆಕ್ಕವನ್ನು ಯಂತ್ರಕ್ಕೇ ಬಿಟ್ಟು, ಆ ನಿಯಮ ಆಟಗಾರನ ಮುಂದಿಡುವ ಆಯ್ಕೆಯನ್ನು ಮಾತ್ರ ಹೊತ್ತು ತರಬೇಕು ಎಂಬುದು ನನ್ನ ನಿಲುವು.

ಮಡಿವಂತಿಕೆಗೆ ಇಲ್ಲಿ ಮೊದಲಿನಿಂದಲೂ ಜಾಗವಿಲ್ಲ. 1974ರಲ್ಲಿ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಡಂಜನ್ಸ್ ಆಂಡ್ ಡ್ರ್ಯಾಗನ್ಸನ್ನು ಹೊರತಂದಾಗ ಅದರೊಳಗಿದ್ದ ಹಿಟ್ ಪಾಯಿಂಟ್, ಅಂದರೆ ಪಾತ್ರ ಎಷ್ಟು ಪೆಟ್ಟು ತಾಳಬಲ್ಲದೆಂಬ ಅಂಕಿ, ಕೂಡ ಎರವಲೇ ಆಗಿತ್ತು. ಯುದ್ಧನೌಕೆಗಳ ಆಟವೊಂದರಿಂದ ಅದನ್ನು ತೆಗೆದುಕೊಂಡೆನೆಂದು ಆರ್ನೆಸನ್ ಅವರೇ ಹೇಳಿದ್ದರು. ಮುಂದೆ 1981ರಲ್ಲಿ ಬಂದ ಅಲ್ಟಿಮಾ ಮತ್ತು ವಿಜರ್ಡ್ರಿ ಎಂಬ ಕಂಪ್ಯೂಟರ್ ಆಟಗಳು ಈ ಮೇಜಿನ ಆಟದ ದಾರಿಯನ್ನೇ ಹಿಡಿದವು, ಅವುಗಳನ್ನು ನೋಡಿ 1986ರಲ್ಲಿ ಜಪಾನಿನಲ್ಲಿ ಡ್ರ್ಯಾಗನ್ ಕ್ವೆಸ್ಟ್ ಹುಟ್ಟಿತು. ಹೀಗೆ ಇಲ್ಲಿಂದ ಹೋದದ್ದು ಅಲ್ಲಿ ಬೆಳೆದು ಮರಳಿ ಬಂದಾಗ ಮುಖ ತಿರುಗಿಸುವುದು ನನಗೆ ವಿಚಿತ್ರವಾಗಿ ಕಾಣುತ್ತದೆ.

ಈ ಬೈಗುಳವನ್ನು ಅತಿ ಹೆಚ್ಚು ತಿಂದದ್ದು 2008ರಲ್ಲಿ ಬಂದ ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ ನಾಲ್ಕನೆಯ ಆವೃತ್ತಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆನ್‌ಲೈನ್ ಆಟ ಆಗ ಉಚ್ಛ್ರಾಯದಲ್ಲಿತ್ತು. ಹೊಸ ಆವೃತ್ತಿಯೋ ಪಾತ್ರಗಳನ್ನು ಡಿಫೆಂಡರ್, ಸ್ಟ್ರೈಕರ್, ಲೀಡರ್, ಕಂಟ್ರೋಲರ್ ಎಂದು ವಿಂಗಡಿಸಿ, ಪ್ರತಿ ಸರದಿಗೆ, ಪ್ರತಿ ಕಾಳಗಕ್ಕೆ, ಪ್ರತಿ ದಿನಕ್ಕೆ ಎಂದು ಶಕ್ತಿಗಳನ್ನು ಅಳೆದು ಕೊಟ್ಟಿತ್ತು. ಜನ ಸಿಡಿಮಿಡಿಗೊಂಡದ್ದು ಸಹಜ. ಆದರೆ ಆ ಪುಸ್ತಕದಲ್ಲಿ ಒಂದು ನಿಯಮವಿದೆ, ಅದನ್ನು ಹತ್ತಿರದಿಂದ ನೋಡಿದವರು ಹಾಗೆ ಸುಲಭವಾಗಿ ಬಯ್ಯಲಾರರು. ವಾರ್‌ಕ್ರಾಫ್ಟಿನಂತಹ ಆಟಗಳಲ್ಲಿ ಆಗ್ರೋ ಎಂಬುದೊಂದಿದೆ: ಯಾವ ಆಟಗಾರ ಎಷ್ಟು ಪೆಟ್ಟು ಕೊಟ್ಟ, ಎಷ್ಟು ಗಾಯ ವಾಸಿಮಾಡಿದ ಎಂಬುದನ್ನು ಕಂಪ್ಯೂಟರ್ ಒಳಗೊಳಗೇ ಪಟ್ಟಿ ಮಾಡುತ್ತಾ, ಪಟ್ಟಿಯ ತುದಿಯಲ್ಲಿರುವವನ ಮೇಲೆ ರಾಕ್ಷಸನನ್ನು ಹರಿಹಾಯಿಸುತ್ತದೆ. ಗುರಾಣಿ ಹಿಡಿದವನ ಕೆಲಸವೆಂದರೆ ಆ ಪಟ್ಟಿಯ ತುದಿಯಲ್ಲಿ ತಾನೇ ಉಳಿಯುವುದು. ಇದನ್ನು ಹಾಗೆಯೇ ಮೇಜಿಗೆ ತಂದಿದ್ದರೆ ಗೇಮ್ ಮಾಸ್ಟರ್ ಗುಮಾಸ್ತನಾಗುತ್ತಿದ್ದ, ರಾಕ್ಷಸ ಬೊಂಬೆಯಾಗುತ್ತಿದ್ದ. ನಾಲ್ಕನೆಯ ಆವೃತ್ತಿಯ ವಿನ್ಯಾಸಕಾರರು ಪಟ್ಟಿಯನ್ನು ಕೈಬಿಟ್ಟರು. ಯೋಧ ಹೊಡೆದ ಶತ್ರುವಿಗೆ ಒಂದು ಗುರುತು ಬೀಳುತ್ತದೆ. ಗುರುತು ಬಿದ್ದವನು ಆ ಯೋಧನನ್ನು ಬಿಟ್ಟು ಬೇರೆಯವರ ಮೇಲೆ ಕೈಮಾಡಿದರೆ ದಾಳದಲ್ಲಿ 2 ಅಂಕ ಕಡಿತ, ಮೇಲಾಗಿ ಪಕ್ಕದಲ್ಲೇ ನಿಂತ ಯೋಧನಿಂದ ಒಂದು ಪೆಟ್ಟು. ರಾಕ್ಷಸ ಈಗಲೂ ಹಿಂದೆ ನಿಂತ ಮಾಂತ್ರಿಕನ ಮೇಲೆ ಎರಗಬಹುದು, ಅದಕ್ಕೆ ಬೆಲೆ ತೆರಬೇಕು ಅಷ್ಟೆ. ಆ ಬೆಲೆ ತೆರಬೇಕೋ ಬೇಡವೋ ಎಂದು ಯೋಚಿಸಲು ಮೇಜಿನ ತುದಿಯಲ್ಲಿ ಒಬ್ಬ ಮನುಷ್ಯ ಕೂತಿದ್ದಾನೆ. ಯಂತ್ರದಲ್ಲಿ ಇಲ್ಲದ ಆ ತಲೆಯನ್ನು ಬಳಸಿಕೊಂಡ ಕಾರಣಕ್ಕೇ ಈ ನಿಯಮ ಮೂಲಕ್ಕಿಂತ ಒಂದು ಕೈ ಮೇಲು ಎಂದು ನಾನು ಹೇಳುತ್ತೇನೆ.

ಅದೇ ಆವೃತ್ತಿ ಎಡವಿದ್ದು ಬೇರೆ ಕಡೆ. ಈ ಸರದಿಯ ಕೊನೆಯವರೆಗೆ ಕೂಡುವ 1, ಮುಂದಿನ ಸರದಿಯ ಆರಂಭದವರೆಗೆ ಕಳೆಯುವ 2, ದಾಳ ಉರುಳಿಸಿ ತಪ್ಪಿಸಿಕೊಳ್ಳುವವರೆಗೆ ಸುಡುವ ಬೆಂಕಿ, ಇವೆಲ್ಲ ಒಂದೇ ಕಾಳಗದಲ್ಲಿ ಐದಾರು ಜನರ ಮೇಲೆ ಏಕಕಾಲಕ್ಕೆ ಸವಾರಿ ಮಾಡುತ್ತಿದ್ದವು. ಪರದೆಯ ಮೇಲಾದರೆ ಇವು ಪುಟ್ಟ ಚಿತ್ರಗಳಾಗಿ ಮಿನುಗಿ ತಾವೇ ಮಾಯವಾಗುತ್ತವೆ. ಈ ಆವೃತ್ತಿಯ ಜೊತೆಗೆ ಬರುತ್ತದೆಂದು ಹೇಳಲಾಗಿದ್ದ ಡಿಜಿಟಲ್ ಮೇಜು ಪೂರ್ಣ ರೂಪದಲ್ಲಿ ಬರಲೇ ಇಲ್ಲವಾದ್ದರಿಂದ ಆ ಭಾರವೆಲ್ಲ ಆಟಗಾರರ ಪೆನ್ಸಿಲಿನ ಮೇಲೆ ಬಿತ್ತು. ಜನರಿಗೆ ನಿಜವಾಗಿ ಬೇಸರ ತರಿಸಿದ್ದು ಈ ಲೆಕ್ಕಪತ್ರ ಎಂಬುದು ನನ್ನ ಅಂದಾಜು. ಬೈಗುಳ ಮಾತ್ರ ಗುರುತಿನಂತಹ ಒಳ್ಳೆಯ ನಿಯಮಕ್ಕೂ ಅಂಟಿಕೊಂಡಿತು.

ಕೂಲ್‌ಡೌನ್ ವಿಷಯದಲ್ಲಿ ಮೇಜು ಇನ್ನೂ ಚೆನ್ನಾಗಿ ಗೆದ್ದಿದೆ. ವಿಡಿಯೋ ಗೇಮಿನಲ್ಲಿ ದೊಡ್ಡ ಶಕ್ತಿಯೊಂದನ್ನು ಬಳಸಿದರೆ ಅದು ಮರಳಿ ಸಿದ್ಧವಾಗಲು ಇಷ್ಟು ಸೆಕೆಂಡು ಎಂದು ಗಡಿಯಾರ ಓಡುತ್ತದೆ. ಮೇಜಿನ ಮೇಲೆ ಸುತ್ತುಗಳನ್ನು ಎಣಿಸಹೊರಟರೆ ಮೂರನೆಯ ಸುತ್ತಿಗೆ ಎಲ್ಲರಿಗೂ ಮರೆತುಹೋಗಿರುತ್ತದೆ. ಡಂಜನ್ಸ್ ಆಂಡ್ ಡ್ರ್ಯಾಗನ್ಸ್‌ನ ಐದನೆಯ ಆವೃತ್ತಿಯ 2014ರ ಪುಸ್ತಕದಲ್ಲಿ ಪ್ರಾಯಕ್ಕೆ ಬಂದ ಕೆಂಪು ಡ್ರ್ಯಾಗನ್ ಒಮ್ಮೆ ಬೆಂಕಿ ಉಗುಳಿದರೆ ಆರು ಮುಖದ 18 ದಾಳಗಳಷ್ಟು ಹಾನಿ. ಆಮೇಲೆ ಅದರ ಪ್ರತಿ ಸರದಿಯ ಆರಂಭದಲ್ಲೂ ಒಂದು ದಾಳ ಹಾಕಬೇಕು, 5 ಅಥವಾ 6 ಬಿದ್ದರೆ ಬೆಂಕಿ ಮತ್ತೆ ಸಿದ್ಧ. ನಾನು ಈ ದಾಳವನ್ನು ನನ್ನ ಮುಂದಿನ ಅಡ್ಡಪರದೆಯ ಹಿಂದೆ ಹಾಕದೆ ಮೇಜಿನ ನಡುವೆಯೇ ಉರುಳಿಸುತ್ತೇನೆ. ಮೊಬೈಲ್ ನೋಡುತ್ತಿದ್ದವರೂ ಆಗ ಬಗ್ಗಿ ನೋಡುತ್ತಾರೆ. ಎಣಿಸುವ ಕೆಲಸ ತಪ್ಪಿತು, ಬೆಂಕಿ ಯಾವಾಗ ಬರುತ್ತದೋ ಎಂಬ ಅಂಜಿಕೆಯೂ ಹೆಚ್ಚಿತು.

ಫಾಲ್‌ಔಟ್ ಕಥೆ ಇನ್ನಷ್ಟು ಸ್ವಾರಸ್ಯದ್ದು. 1997ರ ಆ ಕಂಪ್ಯೂಟರ್ ಆಟವನ್ನು ಕಟ್ಟಲು ತೊಡಗಿದ್ದೇ ಗರ್ಪ್ಸ್ ಎಂಬ ಟೇಬಲ್‌ಟಾಪ್ ನಿಯಮಾವಳಿಯ ಮೇಲೆ. ಗರ್ಪ್ಸ್ ಬಳಸುವ ಒಪ್ಪಂದ ಮುರಿದುಬಿದ್ದ ಮೇಲೆ ತಂಡ ಸ್ಪೆಷಲ್ ಎಂಬ ತನ್ನದೇ ವ್ಯವಸ್ಥೆಯನ್ನು ತರಾತುರಿಯಲ್ಲಿ ರೂಪಿಸಿಕೊಂಡಿತು. ಅದರಲ್ಲಿ ಪಾತ್ರದ ಚುರುಕುತನಕ್ಕೆ ತಕ್ಕಂತೆ ಪ್ರತಿ ಸರದಿಗೆ ಇಷ್ಟು ಆಕ್ಷನ್ ಪಾಯಿಂಟು, ನಡೆದರೆ ಇಷ್ಟು, ಗುಂಡು ಹಾರಿಸಿದರೆ ಇಷ್ಟು ಖರ್ಚು. 2021ರಲ್ಲಿ ಮೋಡಿಫಿಯಸ್ ಸಂಸ್ಥೆ ಫಾಲ್‌ಔಟನ್ನು ಮತ್ತೆ ಮೇಜಿಗೆ ತಂದಾಗ ಆಕ್ಷನ್ ಪಾಯಿಂಟಿನ ಹೆಸರನ್ನು ಉಳಿಸಿಕೊಂಡು ಒಳಗಿನ ತಿರುಳನ್ನು ಬದಲಿಸಿತು. ದಾಳದಲ್ಲಿ ಬೇಕಾದದ್ದಕ್ಕಿಂತ ಹೆಚ್ಚು ಯಶಸ್ಸು ಬಂದರೆ ಅದು ಆಕ್ಷನ್ ಪಾಯಿಂಟಾಗಿ ಇಡೀ ತಂಡದ ಸಾಮಾನ್ಯ ಕೊಪ್ಪರಿಗೆಗೆ ಬೀಳುತ್ತದೆ. ಅದರಲ್ಲಿ 6ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ. ನಾನು ಗಳಿಸಿದ್ದನ್ನು ಪಕ್ಕದವಳು ಖರ್ಚು ಮಾಡಬಹುದು. ಹಾಗಾಗಿ ಪ್ರತಿ ಖರ್ಚಿಗೂ ಒಂದು ಮಾತು, ಒಂದು ಕೋರಿಕೆ, ಕೆಲವೊಮ್ಮೆ ಒಂದು ಜಗಳ. ಒಬ್ಬನೇ ಕೂತು ಆಡುವ ಆಟದ ಅಂಕಿ, ನಾಲ್ಕು ಜನ ಕೂತಲ್ಲಿ ನಾಲ್ವರ ಸ್ವತ್ತಾಗಬೇಕೆಂದು ಹೊಳೆದವರ ಬಗ್ಗೆ ನನಗೆ ಅಪಾರ ಗೌರವವಿದೆ.

ಡಾರ್ಕ್ ಸೋಲ್ಸ್ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. 2011ರ ಆ ವಿಡಿಯೋ ಗೇಮಿನಲ್ಲಿ ಸತ್ತರೆ ಗಳಿಸಿದ ಸೋಲ್ಸ್, ಅಂದರೆ ಆ ಆಟದ ಹಣ, ಅಲ್ಲೇ ಬಿದ್ದಿರುತ್ತವೆ, ನೀವು ಬೆಂಕಿಗುಂಡದ ಬಳಿ ಎದ್ದು, ಮತ್ತೆ ಜೀವ ಪಡೆದ ಅದೇ ಶತ್ರುಗಳನ್ನು ದಾಟಿ ಹೋಗಿ ಅವನ್ನು ಹೆಕ್ಕಿಕೊಳ್ಳಬೇಕು. ಕೈ ಪಳಗಿದವರು ಆ ದಾರಿಯನ್ನು ಒಂದೆರಡು ನಿಮಿಷದಲ್ಲಿ ಮುಗಿಸುತ್ತಾರೆ. ಮೇಜಿನ ಮೇಲೆ ಅದೇ ಅಸ್ಥಿಪಂಜರಗಳನ್ನು ಮತ್ತೊಮ್ಮೆ ಹೊಡೆಯಲು ಅರ್ಧ ಸಂಜೆ ಬೇಕು, ಎರಡನೆಯ ಸಲ ಯಾರಿಗೂ ಅದರಲ್ಲಿ ಹೊಸದೇನೂ ಸಿಗುವುದಿಲ್ಲ. ಸಾವಿನ ಆ ಚಕ್ರವನ್ನು ನಾನು ತರುವುದಿಲ್ಲ. ಆ ಆಟದಲ್ಲಿ ಸಾಯುತ್ತಾ ಸಾಯುತ್ತಾ ನಾವು ಕಲಿಯುವುದು ಬಾಸ್‌ನ, ಅಂದರೆ ದೊಡ್ಡ ಶತ್ರುವಿನ, ಮೈಚಲನೆಯನ್ನು: ತೋಳು ಹೀಗೆ ಎತ್ತಿದರೆ ಹೊಡೆತ ಎಡಕ್ಕೆ, ಹಿಂದಕ್ಕೆ ಸರಿದರೆ ನೆಗೆತ. ಇದನ್ನು ತರಬಹುದು. ನಮ್ಮ ಮೇಜಿನಲ್ಲಿ ದೈತ್ಯ ತನ್ನ ಸರದಿಯ ಕೊನೆಯಲ್ಲಿ ಮುಂದೇನು ಮಾಡಲಿದ್ದಾನೆಂಬುದನ್ನು ನಾನು ಬಾಯಿಬಿಟ್ಟು ಹೇಳುತ್ತೇನೆ, ಸುತ್ತಿಗೆ ಬೀಳಲಿರುವ ಚೌಕಗಳ ಮೇಲೆ ಬಣ್ಣದ ದಾರ ಇಡುತ್ತೇನೆ. ಆಗ ಶುರುವಾಗುತ್ತದೆ ನಿಜವಾದ ಆಟ. ಪ್ರಜ್ಞೆ ತಪ್ಪಿ ದಾರದೊಳಗೆ ಬಿದ್ದಿರುವ ಕಳ್ಳನನ್ನು ಎಳೆದು ತರಲು ಒಬ್ಬಳು ಹೊರಡುತ್ತಾಳೆ, ಇನ್ನೊಬ್ಬ ಅಷ್ಟರಲ್ಲೇ ದೈತ್ಯನ ಮೊಣಕಾಲು ಮುರಿದು ದಿಕ್ಕು ತಪ್ಪಿಸೋಣ ಎನ್ನುತ್ತಾನೆ. ಮೊಣಕಾಲಿಗೆ ಪುಸ್ತಕದಲ್ಲಿ ನಿಯಮವಿಲ್ಲ, ಆದರೂ ದಾಳ ಕೇಳುತ್ತೇನೆ; ಇಂಥದ್ದನ್ನು ಯಾವ ಪ್ರೋಗ್ರಾಮೂ ಮೊದಲೇ ಬರೆದಿಟ್ಟಿರಲಾರದು.

ಚೀಲದೊಳಗಿನ ಸಾಮಾನಿನ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಜಪಾನಿ ವಿಡಿಯೋ ಗೇಮುಗಳ ಧಾಟಿಯನ್ನು ಮೇಜಿಗೆ ತಂದ ಇಟಲಿಯ ಫ್ಯಾಬುಲಾ ಅಲ್ಟಿಮಾದಲ್ಲಿ ಔಷಧಿಗಳ ಪಟ್ಟಿಯೇ ಇಲ್ಲ, ಒಂದಿಷ್ಟು ಇನ್ವೆಂಟರಿ ಪಾಯಿಂಟುಗಳಿವೆ. ಬೇಕಾದ ಕ್ಷಣದಲ್ಲಿ ಖರ್ಚು ಮಾಡಿದರೆ ಔಷಧಿ ಚೀಲದಲ್ಲಿತ್ತು ಎಂದೇ ಲೆಕ್ಕ.

ವಿಡಿಯೋ ಗೇಮಿನಂತೆ ಆಟವನ್ನು ಸೇವ್ ಮಾಡಿ, ಸೋತಾಗ ಹಿಂದಕ್ಕೆ ಹೋಗುವುದಂತೂ ಮೇಜಿಗೆ ಬರಲೇಬಾರದು ಎಂದು ಮೊದಲು ಅಂದುಕೊಂಡಿದ್ದೆ, ಏಕೆಂದರೆ ಎಲ್ಲರೂ ಕೇಳಿಸಿಕೊಂಡ ಮಾತನ್ನು ಅಳಿಸಲಾಗದು. ಜಾನ್ ಹಾರ್ಪರ್ ಅವರ ಬ್ಲೇಡ್ಸ್ ಇನ್ ದ ಡಾರ್ಕ್ ಎಂಬ ಮೇಜಿನ ಆಟ ಅದಕ್ಕೂ ಒಂದು ಬಾಗಿಲು ತೆರೆದಿದೆ. ಕಳ್ಳತನದ ನಡುವೆ ಕಾವಲುಗಾರ ಎದುರಾದರೆ ಆಟಗಾರ ಫ್ಲ್ಯಾಶ್‌ಬ್ಯಾಕ್ ಕೇಳಬಹುದು: ಇವನಿಗೆ ನಿನ್ನೆಯೇ ಲಂಚ ಕೊಟ್ಟಿದ್ದೆ. ಸಾಧಾರಣ ಸಿದ್ಧತೆಗೆ ಖರ್ಚಿಲ್ಲ, ಸ್ವಲ್ಪ ತೊಡಕಿನದಾದರೆ 1 ಸ್ಟ್ರೆಸ್ (ಪಾತ್ರ ಹೊರುವ ಒತ್ತಡದ ಅಂಕ), ತೀರಾ ಹೆಣೆದದ್ದಾದರೆ 2 ಅಥವಾ ಹೆಚ್ಚು. ನಡೆದದ್ದು ನಡೆದದ್ದೇ, ಅದರ ಹಿಂದಿನದನ್ನು ಮಾತ್ರ ಈಗ ಸೇರಿಸಬಹುದು. ಆಟಗಾರ ಎಲ್ಲವನ್ನೂ ಮೊದಲೇ ಊಹಿಸಬೇಕಾದ ಕಾಟ ತಪ್ಪಿತು, ಬೆಲೆಯೂ ಉಳಿಯಿತು.

ಕೆಲವೊಮ್ಮೆ ಬದಲಾವಣೆ ತೀರಾ ಚಿಕ್ಕದು. 2014ರ ಡಂಜನ್ಸ್ ಆಂಡ್ ಡ್ರ್ಯಾಗನ್ಸ್ ನಿಯಮದಂತೆ ಗಾಯದ ಔಷಧಿ ಕುಡಿಯಲು ಇಡೀ ಆಕ್ಷನ್, ಅಂದರೆ ಆ ಸರದಿಯ ಮುಖ್ಯ ಕೆಲಸವೇ, ಬೇಕಿತ್ತು, ಆದ್ದರಿಂದ ಕಾಳಗದ ನಡುವೆ ಅದನ್ನು ಕುಡಿಯಲು ಯಾರಿಗೂ ಮನಸ್ಸಾಗುತ್ತಿರಲಿಲ್ಲ. ಅನೇಕ ಮೇಜುಗಳು ತಾವೇ ಅದನ್ನು ಬೋನಸ್ ಆಕ್ಷನ್, ಅಂದರೆ ಮುಖ್ಯ ಕೆಲಸದ ಜೊತೆಗೇ ಮಾಡಬಹುದಾದ ಚಿಕ್ಕ ಕೆಲಸ, ಮಾಡಿಕೊಂಡವು, 2023ರ ಬಾಲ್ಡರ್ಸ್ ಗೇಟ್ 3 ಎಂಬ ವಿಡಿಯೋ ಗೇಮ್ ಕೂಡ ಹಾಗೆಯೇ ಮಾಡಿತು, 2024ರ ಪುಸ್ತಕದಲ್ಲಿ ಅದು ಅಧಿಕೃತವಾಯಿತು. ಅದೇ ಬಾಲ್ಡರ್ಸ್ ಗೇಟಿನಲ್ಲಿ ಔಷಧಿಯ ಸೀಸೆಯನ್ನು ಎಸೆದು ಒಡೆದರೂ ಹತ್ತಿರದವರ ಗಾಯ ಮಾಯುತ್ತದೆ. ಅದನ್ನೂ ತರೋಣವೆಂದು ನಮ್ಮ ಗುಂಪಿನವರು ದುಂಬಾಲು ಬಿದ್ದಿದ್ದಾರೆ. ಒಡೆದ ಗಾಜು ಕಣ್ಣಿಗೆ ಹೊಕ್ಕರೆ ಯಾರ ಲೆಕ್ಕ ಎಂಬ ಪ್ರಶ್ನೆಗೆ ಅವರಲ್ಲೊಬ್ಬರು ಉತ್ತರ ಕೊಡುವವರೆಗೆ ನಾನು ಒಪ್ಪುವವನಲ್ಲ.