ಏರಿಗಿಂತ ಇಳಿತವೇ ಕಠಿಣ

ಮೊದಲ ಹಿಮ ಬೀಳುತ್ತಲೇ ಉತ್ತರಾಖಂಡದ ಔಲಿಗೆ ಹೊರಟು ಸ್ಕೀಯಿಂಗ್ ಮಾಡುವ, ಉಳಿದ ದಿನಗಳಲ್ಲಿ ಓಡುವ ಹಿರಿಯರ ಕುರಿತ ಈ ಲೇಖನ ಸೊಗಸಾಗಿದೆಯಾದರೂ, ವಯಸ್ಸಾದವರ ಮೊಣಕಾಲಿಗೆ ಬೆಟ್ಟದ ಏರೇ ದೊಡ್ಡ ಹೊರೆ ಎಂಬ ಮಾತನ್ನು ನಾನು ಒಪ್ಪಲಾರೆ. ಏರು ದಣಿಸುವುದು ಹೆಚ್ಚಾಗಿ ಉಸಿರನ್ನು; ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಲೇ ಮೈಭಾರವನ್ನು ತಡೆಯಬೇಕಾಗುವುದರಿಂದ, ಮಂಡಿಗೆ ಪೆಟ್ಟು ಬೀಳುವುದೂ ಮರುದಿನ ಮೆಟ್ಟಿಲಿಳಿಯಲಾರದೆ ನರಳುವುದೂ ಆ ಇಳಿತದ ಫಲವೇ.

ನಿವೃತ್ತನಾದ ಮೇಲೆ ನಾನು ಡಿಸೆಂಬರಿನ ಮುಂಜಾನೆಗಳಲ್ಲಿ ನಮ್ಮ ಕಾಸರಗೋಡು ಜಿಲ್ಲೆಯ ಪೊಸಡಿಗುಂಪೆಯನ್ನು ಹತ್ತುತ್ತಿದ್ದೇನೆ. ಇಷ್ಟು ವರ್ಷಗಳಲ್ಲಿ ಬಿದ್ದದ್ದು ಒಂದೇ ಬಾರಿ, ಅದೂ ಇಳಿಯುವಾಗ: ಇಬ್ಬನಿಗೆ ಒದ್ದೆಯಾದ ಮುಳಿಹುಲ್ಲಿನಡಿ ಕಡಲೆಕಾಳಿನಷ್ಟು ಗಾತ್ರದ ಮುರಕಲ್ಲಿನ ಹರಳುಗಳಿದ್ದು, ಹಿಮ್ಮಡಿ ಊರಿದೊಡನೆ ಉರುಳಿದವು. ಅಂದಿನಿಂದ ಕೈಯಲ್ಲೊಂದು ಬಿದಿರಿನ ದೊಣ್ಣೆ ಇರುತ್ತದೆ (ಮೊಮ್ಮಕ್ಕಳು ನಗುತ್ತಾರೆ, ನಗಲಿ). ಹಿಮದ ಮೇಲಿನ ಕಷ್ಟವೂ ಇದಕ್ಕಿಂತ ಬಹಳ ಬೇರೆಯಲ್ಲ. ಚಳಿಗಾಲದ ಆರಂಭದ ತೆಳುಪದರವು ಕಲ್ಲುಗಳನ್ನು ಮರೆಮಾಡುತ್ತದೆಯೇ ಹೊರತು ಅವುಗಳ ಪೆಟ್ಟನ್ನು ತಗ್ಗಿಸುವುದಿಲ್ಲ.

ಇನ್ನೊಂದು ಲೋಪ. ಕಡಲತೀರದಲ್ಲಿ ಬದುಕುವ ನಮ್ಮಂಥವರು ಹಿಮಾಲಯಕ್ಕೆ ಹೋದಾಗ, ಎತ್ತರದ ತೆಳುಗಾಳಿಯಿಂದ ಕಾಯಿಲೆ ಬೀಳದಿರಲು, 3000 ಮೀಟರ್ ದಾಟಿದ ಮೇಲೆ ರಾತ್ರಿ ತಂಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಿಸಬಾರದೆಂಬ ರೂಢಿಯ ಎಚ್ಚರಿಕೆಯನ್ನು ಲೇಖಕರು ಒಂದು ಸಾಲಿನಲ್ಲಾದರೂ ಹೇಳಬೇಕಿತ್ತು. ದಿನವೂ ಓಡುವ ಗಟ್ಟಿ ದೇಹಕ್ಕೂ ಅದರಿಂದ ವಿನಾಯಿತಿಯಿಲ್ಲ.