ನಮ್ಮ ಮೇಜಿನ ಕಂಪ್ಯೂಟರಿಗೆ ಲಿನಕ್ಸ್: ಪರ-ವಿರೋಧ

ಪ್ರಶ್ನೆ: ಕರಾವಳಿಯ ಶಾಲೆ, ಕಚೇರಿ, ಅಂಗಡಿಗಳ ಕಂಪ್ಯೂಟರ್‌ಗಳು ವಿಂಡೋಸ್ ಬಿಟ್ಟು, ಅದರಂತೆಯೇ ಕಂಪ್ಯೂಟರನ್ನು ನಡೆಸುವ ಉಚಿತ ವ್ಯವಸ್ಥೆಯಾದ ಲಿನಕ್ಸ್‌ಗೆ ಬದಲಾಗಬೇಕೆ? ಬದಲಾಗಲು ಅಡ್ಡಿಯಾಗಿರುವುದು ಏನು?

ಪರ: ಅಡ್ಡಿ ಇರುವುದು ಅಭ್ಯಾಸದಲ್ಲಿ
(ಮಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ಉಪನ್ಯಾಸಕರು)

ಈ ಪಕ್ಷವನ್ನು ವಾದಿಸಬೇಕೆಂದು ನನ್ನನ್ನು ಕೇಳಿದಾಗಲೇ ನಾನೊಂದು ಮಿತಿಯನ್ನು ಹೇಳಿದ್ದೆ. ಪ್ರತಿಯೊಂದು ಮನೆಯ, ಪ್ರತಿಯೊಂದು ಅಂಗಡಿಯ ಕಂಪ್ಯೂಟರ್ ನಾಳೆಯೇ ಬದಲಾಗಬೇಕು ಎಂದು ನಾನು ಹೇಳಲಾರೆ. ಶಾಲೆ, ಗ್ರಂಥಾಲಯ, ಪಂಚಾಯತ್ ಕಚೇರಿಗಳಂತಹ ಸಾರ್ವಜನಿಕ ಹಣದಿಂದ ನಡೆಯುವ ಜಾಗಗಳ ಮಟ್ಟಿಗೆ ಮಾತ್ರ ಬದಲಾವಣೆಗೆ ಈಗ ಸಕಾಲ ಎಂಬುದರಲ್ಲಿ ನನಗೆ ಅನುಮಾನವಿಲ್ಲ.

ಸಕಾಲ ಎನ್ನುವುದಕ್ಕೆ ಕಾರಣ ಹಳೆಯ ಕಂಪ್ಯೂಟರ್‌ಗಳು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ನಿಂತಿತು. ಅದರ ಮುಂದಿನ ಆವೃತ್ತಿಯಾದ ವಿಂಡೋಸ್ 11 ನಡೆಯಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆಗಿದ್ದರೆ ಅದು ಬಹುಮಟ್ಟಿಗೆ ಎಂಟನೆಯ ತಲೆಮಾರಿನದ್ದೋ ಅದಕ್ಕಿಂತ ಹೊಸದೋ ಆಗಿರಬೇಕು. ದಾನಿಗಳು ಕೊಟ್ಟ, ಹಳೆವಿದ್ಯಾರ್ಥಿ ಸಂಘದವರು ತಂದುಕೊಟ್ಟ ನಮ್ಮ ಶಾಲೆಗಳ ಕಂಪ್ಯೂಟರ್‌ಗಳಲ್ಲಿ ಬಹಳಷ್ಟು ಈ ಪರೀಕ್ಷೆಯಲ್ಲಿ ಉತ್ತೀರ್ಣವಾಗುವುದಿಲ್ಲ. ಅವುಗಳ ಕೀಲಿಮಣೆ, ಪರದೆ, ಮೆಮೊರಿ ಎಲ್ಲವೂ ಚೆನ್ನಾಗಿಯೇ ಇವೆ. ಲಿನಕ್ಸ್‌ನ ರೂಪಗಳಾದ ಮಿಂಟ್ ಅಥವಾ ಲುಬುಂಟು ಹಾಕಿದರೆ ಇನ್ನೂ ಹಲವು ವರ್ಷ ಕೆಲಸಕ್ಕೆ ಬರುವ ಯಂತ್ರಗಳನ್ನು ಗುಜರಿಗೆ ಹಾಕುವುದು ಸಾರ್ವಜನಿಕ ಹಣದ ಪೋಲು.

ಮಕ್ಕಳಿಗೆ ಕಷ್ಟವಾಗುತ್ತದೆ ಎನ್ನುವವರು ತಲಪಾಡಿ ಗಡಿ ದಾಟಿ ನೋಡಬೇಕು. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಸುಮಾರು ಎರಡು ದಶಕಗಳಿಂದ ಮಾಹಿತಿ ತಂತ್ರಜ್ಞಾನದ ಪಾಠ ನಡೆಯುತ್ತಿರುವುದು ಯಾರು ಬೇಕಾದರೂ ಬಳಸಿ, ಬದಲಿಸಿ, ಹಂಚಬಹುದಾದ ಸ್ವತಂತ್ರ ತಂತ್ರಾಂಶದಲ್ಲಿ. ಐಟಿ ಅಟ್ ಸ್ಕೂಲ್ ಎಂದು ಆರಂಭವಾಗಿ ಈಗ ಕೈಟ್ ಎಂಬ ಹೆಸರಿನಲ್ಲಿರುವ ಸಂಸ್ಥೆ ಉಬುಂಟು ಎಂಬ ಲಿನಕ್ಸ್ ಆಧಾರಿತವಾದ ತನ್ನದೇ ಆವೃತ್ತಿಯನ್ನು ಸಿದ್ಧಪಡಿಸಿ ಶಾಲೆಗಳಿಗೆ ಕೊಡುತ್ತದೆ. ಮಂಜೇಶ್ವರ, ಕಾಸರಗೋಡುಗಳ ಕನ್ನಡ ಮಾಧ್ಯಮದ ಮಕ್ಕಳು ಅದೇ ವ್ಯವಸ್ಥೆಯಲ್ಲಿ, ಕನ್ನಡದ ಪಠ್ಯಪುಸ್ತಕ ಇಟ್ಟುಕೊಂಡು ಚಿತ್ರ ತಿದ್ದುವ ಜಿಂಪ್, ಚಿತ್ರ ಬಿಡಿಸುವ ಇಂಕ್‌ಸ್ಕೇಪ್, ಕಚೇರಿ ಕೆಲಸದ ಲಿಬ್ರೆಆಫೀಸ್ ಕಲಿಯುತ್ತಾರೆ. ಗಡಿಯ ಆಚೆಯ ಕನ್ನಡದ ಮಗುವಿಗೆ ಸಾಧ್ಯವಾಗುವುದು ಈಚೆಯ ಮಗುವಿಗೆ ಸಾಧ್ಯವಾಗದು ಎಂಬ ವಾದಕ್ಕೆ ಆಧಾರವೇ ಇಲ್ಲ.

ಕನ್ನಡ ಟೈಪಿಂಗ್‌ನ ವಿಷಯದಲ್ಲಿ ನಾವು ಹೆಮ್ಮೆಪಡಬೇಕಾದ ಸಂಗತಿಯೊಂದಿದೆ. ಮಂಗಳೂರಿನ ಹತ್ತಿರದ ಕಿನ್ನಿಕಂಬಳದವರಾದ ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸವನ್ನೇ ನುಡಿ ಎಂಬ ಕನ್ನಡ ತಂತ್ರಾಂಶ ಬಳಸುವವರೆಲ್ಲ ಬೆರಳಿಗೆ ಅಭ್ಯಾಸ ಮಾಡಿಕೊಂಡಿದ್ದಾರೆ. ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ಕನ್ನಡವನ್ನು ತೆರೆದರೆ ಇದೇ ಮಾದರಿಯ ಕಗಪ ವಿನ್ಯಾಸ ಅಲ್ಲಿಯೇ ಸಿಗುತ್ತದೆ, ಬೇರೆಲ್ಲಿಂದಲೂ ಇಳಿಸಿಕೊಳ್ಳಬೇಕಾಗಿಲ್ಲ.

ಸರಕಾರದ ನೀತಿಯೂ ಅನುಕೂಲವಾಗಿಯೇ ಇದೆ. ಇಲಾಖೆಗಳು ತಂತ್ರಾಂಶ ಆರಿಸುವಾಗ ಲಿನಕ್ಸ್‌ನಂತಹ ಮುಕ್ತ ಆಕರದ (ಮೂಲ ಸಂಕೇತ ಎಲ್ಲರಿಗೂ ತೆರೆದಿರುವ) ತಂತ್ರಾಂಶಕ್ಕೆ ಆದ್ಯತೆ ಕೊಡಬೇಕು, ಅದನ್ನು ಕೈಬಿಟ್ಟರೆ ಕಾರಣ ಕೊಡಬೇಕು ಎಂದು ಕೇಂದ್ರ ಸರಕಾರ 2015ರಲ್ಲಿಯೇ ಹೇಳಿದೆ. ಜರ್ಮನಿಯ ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಆಡಳಿತದ ಸುಮಾರು 30,000 ಕಂಪ್ಯೂಟರ್‌ಗಳನ್ನು ಲಿಬ್ರೆಆಫೀಸ್‌ಗೂ ಲಿನಕ್ಸ್‌ಗೂ ಒಯ್ಯುವುದಾಗಿ 2024ರ ಏಪ್ರಿಲ್‌ನಲ್ಲಿ ಪ್ರಕಟಿಸಿತು.

ಇಷ್ಟೆಲ್ಲ ಇದ್ದೂ ಬದಲಾವಣೆ ಆಗದಿರುವುದಕ್ಕೆ ಕಾರಣ, ಅಂಗಡಿಯಿಂದ ಬರುವ ಕಂಪ್ಯೂಟರಿನಲ್ಲಿ ಏನಿರುತ್ತದೆಯೋ ಅದನ್ನೇ ಜನ ಕಂಪ್ಯೂಟರ್ ಎಂದು ತಿಳಿಯುವುದು. ಲೆಕ್ಕ ಬರೆಯುವ ಟ್ಯಾಲಿ ಇಲ್ಲ, ಚಿತ್ರ ತಿದ್ದುವ ಫೋಟೋಶಾಪ್ ಇಲ್ಲ ಎಂಬ ಆಕ್ಷೇಪ ಪ್ರತಿಸಲವೂ ಕೇಳಿಬರುತ್ತದೆ. ಏಳನೆಯ ತರಗತಿಯ ಕೊಠಡಿಯಲ್ಲಿ, ಗ್ರಾಮ ಪಂಚಾಯತಿನ ಗ್ರಂಥಾಲಯದಲ್ಲಿ ಟ್ಯಾಲಿ ಯಾರಿಗೆ ಬೇಕು? ಅಲ್ಲಿ ಬೇಕಾಗಿರುವುದು ಬ್ರೌಸರ್, ಬರೆಯಲು ಒಂದು ತಂತ್ರಾಂಶ, ಮತ್ತು ಹಳೆಯ ಯಂತ್ರದಲ್ಲಿಯೂ ಸುರಕ್ಷಿತವಾಗಿ ನಡೆಯುವ ವ್ಯವಸ್ಥೆ. ಅದು ಇಂದೇ ಲಭ್ಯವಿದೆ.

ವಿರೋಧ: ಒಂದು ಯಂತ್ರ ಒಂಟಿಯಾಗಿ ಬದಲಾಗಲಾರದು
(ಉಡುಪಿಯಲ್ಲಿ ಮುದ್ರಣಾಲಯ ನಡೆಸುವವರು)

ಅಡ್ಡಿ ಇರುವುದು ಅಭ್ಯಾಸದಲ್ಲಿ ಎಂಬ ಮಾತನ್ನು ಒಪ್ಪಲು ನನ್ನಿಂದ ಸಾಧ್ಯವೇ ಇಲ್ಲ. ದುಡಿದು ತಿನ್ನುವ ಜನರನ್ನು ಸೋಮಾರಿಗಳೆಂದು ಕರೆಯುವ ಸಭ್ಯವಾದ ವಿಧಾನ ಅದು. ನಮ್ಮ ಮುದ್ರಣಾಲಯದಲ್ಲಿ ಡಿಟಿಪಿ (ಕಂಪ್ಯೂಟರಿನಲ್ಲಿ ಪುಟ ಕಟ್ಟುವ ಕೆಲಸ) ಮಾಡುವ ಹೆಣ್ಣುಮಕ್ಕಳು ಅಚ್ಚುಮೊಳೆಯ ಕಾಲದಿಂದ ಆಫ್‌ಸೆಟ್‌ಗೆ, ಪುಟವಿನ್ಯಾಸದ ಪೇಜ್‌ಮೇಕರ್‌ನಿಂದ ಚಿತ್ರವಿನ್ಯಾಸದ ಕೋರೆಲ್‌ಡ್ರಾಗೆ, ಒಂದು ಕೀಲಿಮಣೆಯಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಬಂದವರು. ಕಲಿಯಲು ಅವರು ಎಂದೂ ಹಿಂಜರಿದಿಲ್ಲ. ಲಿನಕ್ಸ್‌ನ ಪರದೆಯನ್ನು ಅರ್ಥಮಾಡಿಕೊಳ್ಳಲು ಅವರಿಗೆ ಒಂದು ಮಧ್ಯಾಹ್ನ ಸಾಕಾಯಿತು. ಕಷ್ಟ ಶುರುವಾದದ್ದು ಆ ನಂತರ.

ಮಕರ ಸಂಕ್ರಾಂತಿ ಕಳೆದ ಮೇಲೆ ಮೇ ಕೊನೆಯ ಪತ್ತನಾಜೆಯವರೆಗೆ ನಮ್ಮ ಜಿಲ್ಲೆಯ ಮುದ್ರಣಾಲಯಗಳಿಗೆ ಉಸಿರಾಡಲು ಬಿಡುವಿರುವುದಿಲ್ಲ. ಬ್ರಹ್ಮಕಲಶೋತ್ಸವ, ನೇಮ, ಯಕ್ಷಗಾನ ಬಯಲಾಟ, ಮದುವೆ, ಎಲ್ಲದರ ಆಮಂತ್ರಣ ಪತ್ರಿಕೆಗಳು ಒಟ್ಟಿಗೇ ಬರುತ್ತವೆ. ಅಂಥದೊಂದು ಋತುವಿಗೆ ಮುಂಚೆ ನನ್ನ ತಂಗಿಯ ಮಗ, ಎಂಜಿನಿಯರಿಂಗ್ ಓದುತ್ತಿರುವವನು, ನಮ್ಮ ಒಂದು ಕಂಪ್ಯೂಟರಿಗೆ ಬಹಳ ಪ್ರೀತಿಯಿಂದ ಉಬುಂಟು ಹಾಕಿಕೊಟ್ಟ. ಅದೇ ಕಂಪ್ಯೂಟರಿಗೆ ದೇವಸ್ಥಾನವೊಂದರ ಬ್ರಹ್ಮಕಲಶದ ಆಮಂತ್ರಣ ಪತ್ರಿಕೆಯ ಕೆಲಸ ಬಂತು. ಇಂಥ ಪತ್ರಿಕೆಯನ್ನು ಯಾರೂ ಮೊದಲಿನಿಂದ ಟೈಪ್ ಮಾಡುವುದಿಲ್ಲ. ಅದೇ ದೇವಸ್ಥಾನದ ಹಿಂದಿನ ಉತ್ಸವದ ಫೈಲನ್ನು ತೆರೆದು, ದಿನಾಂಕ, ಮುಹೂರ್ತ, ಸಮಿತಿಯ ಹೆಸರುಗಳನ್ನು ಬದಲಿಸುತ್ತಾರೆ.

ಆ ಹಳೆಯ ಫೈಲುಗಳು, ಪ್ರತಿ ಭಾಷೆಯ ಅಕ್ಷರಕ್ಕೂ ತನ್ನದೇ ಸಂಕೇತವಿರುವ ಯುನಿಕೋಡ್‌ನಲ್ಲಿಲ್ಲ. ಹಳೆಯ ಕನ್ನಡ ಫಾಂಟ್‌ಗಳಲ್ಲಿ ನಮ್ಮ ಅಕ್ಷರಗಳು ಇಂಗ್ಲಿಷ್ ಅಕ್ಷರಗಳ ಸ್ಥಾನಗಳಲ್ಲಿ ಕುಳಿತಿರುತ್ತವೆ. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ಪೇಜ್‌ಮೇಕರ್ 2001ರ 7.0 ಆವೃತ್ತಿಯ ಆಚೆಗೆ ಬೆಳೆಯಲಿಲ್ಲ, ಆದರೂ ಕನ್ನಡದ ಎಷ್ಟೋ ಮುದ್ರಣಾಲಯಗಳ ಭಂಡಾರ ಅದರಲ್ಲಿಯೇ ಇದೆ. ಲಿಬ್ರೆಆಫೀಸ್ ಆ ಫೈಲನ್ನು ತೆರೆದೇನೋ ತೆರೆಯುತ್ತದೆ, ಪುಟದ ಕಟ್ಟು ಮಾತ್ರ ಉಳಿಯುವುದಿಲ್ಲ. ಹುಡುಗ ಪಠ್ಯವನ್ನು ಹೊರತೆಗೆದು ಪರಿವರ್ತಕದಲ್ಲಿ ಯುನಿಕೋಡ್ ಮಾಡಿಕೊಟ್ಟ. ಮೊದಲ ನೋಟಕ್ಕೆ ಎಲ್ಲವೂ ಸರಿಯಾಗಿದೆ ಎನಿಸಿತು. ಪ್ರೂಫ್ ಓದುವಾಗ ನೋಡಿದರೆ ‘ಕರ್ಕೇರ’ರ ಅರ್ಕಾವೊತ್ತು ಬೇರೆ ಅಕ್ಷರದ ಮೇಲೆ ಕುಳಿತಿತ್ತು, ‘ಆಚಾರ್ಯ’ರ ಅರ್ಕಾವೊತ್ತು ಕಳಚಿತ್ತು, ‘ಧರ್ಮದರ್ಶಿ’ ಎಂಬಲ್ಲಿ ಒಂದು ಅರ್ಕಾವೊತ್ತು ಉಳಿದು ಇನ್ನೊಂದು ಮಾಯವಾಗಿತ್ತು. ದಾನಿಗಳ ಪಟ್ಟಿ ಎರಡು ಪುಟ. ನಮ್ಮ ಊರುಗಳಲ್ಲಿ ದಾನಿಯ ಹೆಸರು ತಪ್ಪಾಗಿ ಅಚ್ಚಾಗುವುದು ಎಷ್ಟು ದೊಡ್ಡ ವಿಷಯವೆಂದು ಸಮಿತಿಯಲ್ಲಿ ಕೆಲಸ ಮಾಡಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಡಿಟಿಪಿ ಮಾಡುವ ನಮ್ಮ ಅಕ್ಕನವರು ರಾತ್ರಿ ಕುಳಿತು ಒಂದೊಂದೇ ಹೆಸರನ್ನು ಹಳೆಯ ಅಚ್ಚಾದ ಪ್ರತಿಯೊಂದಿಗೆ ತಾಳೆ ನೋಡಿ ತಿದ್ದಿದರು.

ಅಲ್ಲಿಗೂ ಮುಗಿಯಲಿಲ್ಲ. ಬಣ್ಣದ ಮುದ್ರಣಕ್ಕೆ ನಾಲ್ಕು ಬಣ್ಣಗಳ ಪ್ರತ್ಯೇಕ ಪ್ಲೇಟುಗಳು ಬೇಕು. ಮುಖಪುಟವನ್ನು ಇಂಕ್‌ಸ್ಕೇಪ್‌ನಲ್ಲಿ ಮಾಡಿದ್ದರಿಂದ ಅದು ಪರದೆಯ ಮೂರು ಬಣ್ಣಗಳ ಲೆಕ್ಕದಲ್ಲಿತ್ತು. ಪುಟವಿನ್ಯಾಸದ ಉಚಿತ ತಂತ್ರಾಂಶವಾದ ಸ್ಕ್ರೈಬಸ್‌ಗೆ ತಂದು ಸರಿಪಡಿಸಬಹುದಾಗಿತ್ತು, ಆದರೆ ಪ್ಲೇಟ್ ಮಾಡುವವರು ಕೇಳಿದ್ದು ಕೋರೆಲ್‌ಡ್ರಾದ ಸಿಡಿಆರ್ ಫೈಲ್. “ಪಿಡಿಎಫ್‌ನಲ್ಲಿ ಕುಂಕುಮದ ಬಣ್ಣ ಇಟ್ಟಿಗೆಯ ಹಾಗೆ ಬರ್ತಾ ಉಂಟು ಮಾರಾಯ್ರೇ, ಕೋರೆಲ್‌ನಲ್ಲೇ ಕಳಿಸಿ” ಎಂದರು. ಸಮಿತಿಯ ಕಾರ್ಯದರ್ಶಿಗಳು ಮರುದಿನ ಬೆಳಗ್ಗೆ ಪತ್ರಿಕೆ ಬೇಕೆಂದು ಫೋನಿನ ಮೇಲೆ ಫೋನು ಮಾಡುತ್ತಿದ್ದರು. ಕೊನೆಗೆ ಪಕ್ಕದ ವಿಂಡೋಸ್ ಕಂಪ್ಯೂಟರಿನಲ್ಲಿ ಇಡೀ ಮುಖಪುಟವನ್ನು ಮತ್ತೆ ಮಾಡಬೇಕಾಯಿತು.

ಇದರಲ್ಲಿ ಲಿನಕ್ಸ್‌ನದ್ದೇ ದೋಷ ಎಂದು ನಾನು ಹೇಳುವುದಿಲ್ಲ. ಫಾಂಟಿನ ತೊಂದರೆ ಕನ್ನಡದ ಹಳೆಯ ತೊಂದರೆ, ಸಿಡಿಆರ್‌ನ ಹಠ ನಮ್ಮ ವ್ಯವಹಾರದ ಹಠ. ಆದರೆ ಹೊರೆ ಬಿದ್ದದ್ದು ಯಾರ ಮೇಲೆ? ರಾತ್ರಿ ಕುಳಿತು ಅರ್ಕಾವೊತ್ತು ತಿದ್ದಿದ ಹೆಂಗಸಿನ ಮೇಲೆ. ನಮ್ಮ ಕಂಪ್ಯೂಟರ್ ಒಂದು ಸಾಲಿನ ನಡುವೆ ನಿಂತಿದೆ: ಹಿಂದೆ ಗಿರಾಕಿಯ ಹಳೆಯ ಫೈಲ್, ಮುಂದೆ ಪ್ಲೇಟಿನವರು, ಪಕ್ಕದಲ್ಲಿ ಲೆಕ್ಕಪರಿಶೋಧಕರು. ಅವರು ಯಾರೂ ಬದಲಾಗದೆ ನಡುವಿನ ಒಬ್ಬ ಬದಲಾದರೆ ಸಾಲು ಅಲ್ಲಿಯೇ ಕಡಿಯುತ್ತದೆ.

ಲೆಕ್ಕದ ವಿಷಯವನ್ನು ಉಪನ್ಯಾಸಕ ಮಿತ್ರರು ಏಳನೆಯ ತರಗತಿಗೆ ಟ್ಯಾಲಿ ಏಕೆ ಎಂದು ಕೇಳಿ ದಾಟಿಬಿಟ್ಟಿದ್ದಾರೆ. ಏಳನೆಯ ತರಗತಿಯ ಮಗುವಿಗೆ ಬೇಡ, ಸರಿ. ಆ ಮಗುವಿನ ತಂದೆಯ ಅಂಗಡಿಗೆ ಬೇಕು, ತಾಯಿ ಲೆಕ್ಕ ಬರೆಯುವ ಸಹಕಾರ ಸಂಘಕ್ಕೆ ಬೇಕು, ಮುಂದೆ ಬಿ.ಕಾಂ. ಮುಗಿಸಿ ಕೆಲಸ ಹುಡುಕುವಾಗ ಆ ಮಗುವಿಗೂ ಬೇಕು. ಟ್ಯಾಲಿ ನಡೆಯುವುದು ವಿಂಡೋಸ್‌ನಲ್ಲಿ, ವಿಂಡೋಸ್ ತಂತ್ರಾಂಶಗಳನ್ನು ನಡೆಸಿಕೊಡುವ ವೈನ್ ಮುಂತಾದ ದಾರಿಗಳಿಂದ ಲಿನಕ್ಸ್‌ನಲ್ಲಿ ನಡೆಸಲು ನೋಡಬಹುದಾದರೂ ಜಿಎಸ್‌ಟಿ ರಿಟರ್ನ್‌ನ ಕೊನೆಯ ದಿನ ಅಂಥ ಪ್ರಯೋಗಕ್ಕೆ ಯಾರೂ ಇಳಿಯುವುದಿಲ್ಲ. ಡಿಜಿಟಲ್ ಸಹಿಯ ಯುಎಸ್‌ಬಿ ಟೋಕನ್, ಸೇವಾ ಕೇಂದ್ರಗಳಲ್ಲಿ ಬೆರಳಚ್ಚು ತೆಗೆದುಕೊಳ್ಳುವ ಉಪಕರಣ ಇವುಗಳ ತಯಾರಕರೂ ಮೊದಲು ನೋಡುವುದು ವಿಂಡೋಸ್ ಮತ್ತು ಆಂಡ್ರಾಯ್ಡ್ ಕಡೆಗೆ. ಮುದ್ರಕಗಳದ್ದೂ ಅದೇ ಕಥೆ. ಕಡಿಮೆ ಬೆಲೆಯ ಎಷ್ಟೋ ಲೇಸರ್ ಪ್ರಿಂಟರ್‌ಗಳು ಪುಟವನ್ನು ಸಿದ್ಧಪಡಿಸುವ ಕೆಲಸವನ್ನು ಕಂಪ್ಯೂಟರಿಗೇ ಬಿಡುತ್ತವೆ, ಆ ಕೆಲಸಕ್ಕೆ ಬೇಕಾದ ಡ್ರೈವರ್ ಅನ್ನು ತಯಾರಕರೇ ಕೊಡಬೇಕು. ಅವರು ಕೊಡದಿದ್ದರೆ ಸ್ವಯಂಸೇವಕರು ಒಳಗುಟ್ಟನ್ನು ಬಿಡಿಸಿ ಬರೆಯುವವರೆಗೆ ಕಾಯಬೇಕು.

ಹಣ ಉಳಿಯುತ್ತದೆ ಎಂಬ ಮಾತೂ ಚಿಕ್ಕ ಅಂಗಡಿಯ ಮಟ್ಟಿಗೆ ನಿಲ್ಲುವುದಿಲ್ಲ. ಲೈಸೆನ್ಸ್ ಇಲ್ಲದ ಪ್ರತಿ ಹಾಕಿಕೊಡುವ ರೂಢಿ ನಮ್ಮಲ್ಲಿ ಎಷ್ಟು ಬೇರೂರಿದೆ ಎಂದರೆ ವಿಂಡೋಸ್‌ಗೆ ಬೆಲೆ ಇದೆ ಎಂಬುದೇ ಹಲವರಿಗೆ ಗೊತ್ತಿಲ್ಲ. ಆ ರೂಢಿಯನ್ನು ನಾನು ಸಮರ್ಥಿಸುವುದಿಲ್ಲ. ನಮ್ಮಲ್ಲಿ ದುಡ್ಡು ಕೊಟ್ಟೇ ತೆಗೆದುಕೊಂಡಿದ್ದೇವೆ. ಆದರೆ ಉಚಿತವೆಂಬ ಕಾರಣಕ್ಕೆ ಜನ ಲಿನಕ್ಸ್‌ಗೆ ಬರುತ್ತಾರೆ ಎಂದು ಕಾಯುವವರು ಇದನ್ನು ಗಮನಿಸಬೇಕು. ವಿಂಡೋಸ್ ಕೆಟ್ಟರೆ ಪೇಟೆಯಿಂದ ರಿಪೇರಿ ಹುಡುಗ ಅರ್ಧ ಗಂಟೆಯಲ್ಲಿ ಬರುತ್ತಾನೆ. ಲಿನಕ್ಸ್ ಕೆಟ್ಟರೆ ನಾನು ಬೆಂಗಳೂರಿಗೆ ಹೋದ ತಂಗಿಯ ಮಗನಿಗೆ ಫೋನ್ ಮಾಡಬೇಕು, ಅವನು ತರಗತಿಯಿಂದ ಹೊರಗೆ ಬಂದು ಆದೇಶಗಳನ್ನು ಅಕ್ಷರ ಅಕ್ಷರವಾಗಿ ಹೇಳಬೇಕು. ಮೇಲಾಗಿ ಲಿನಕ್ಸ್‌ನ ರೂಪಗಳಲ್ಲಿಯೇ ಉಬುಂಟುವಿಗೆ ಒಂದು ಕ್ರಮ, ಫೆಡೋರಾಕ್ಕೆ ಇನ್ನೊಂದು. ಆಯ್ಕೆಗಳು ಹೆಚ್ಚಿರುವುದು ತಿಳಿದವರಿಗೆ ಅನುಕೂಲ, ರಿಪೇರಿಯವನನ್ನು ಹುಡುಕುವವರಿಗೆ ಕಷ್ಟ.

ಜರ್ಮನಿಯ ಮಾತು ಬಂದದ್ದರಿಂದ ಮ್ಯೂನಿಕ್ ನಗರದ ಮಾತನ್ನೂ ಹೇಳಬೇಕಾಗುತ್ತದೆ. ಅಲ್ಲಿನ ನಗರಸಭೆ 2003ರಲ್ಲಿ ಲಿನಕ್ಸ್‌ಗೆ ಹೋಗಲು ನಿರ್ಧರಿಸಿ, 2013ರ ಹೊತ್ತಿಗೆ ಸುಮಾರು 15,000 ಕಂಪ್ಯೂಟರ್‌ಗಳನ್ನು ಬದಲಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳುವ ತೀರ್ಮಾನ ಮಾಡಿತು. ರಾಜಕೀಯವೂ ಅದರಲ್ಲಿತ್ತು. ಆದರೆ ಹೊರಗಿನವರೊಂದಿಗೆ ಕಡತ ಹಂಚಿಕೊಳ್ಳುವಾಗಿನ ತೊಂದರೆ ನೌಕರರ ದೂರುಗಳಲ್ಲಿ ಇದ್ದೇ ಇತ್ತು. ಅಷ್ಟು ಹಣ, ಅಷ್ಟು ಎಂಜಿನಿಯರುಗಳಿದ್ದ ನಗರಕ್ಕೆ ಆದದ್ದು ನಮ್ಮ ಊರಿನ ಸಹಕಾರ ಸಂಘಕ್ಕೆ ಆಗುವುದಿಲ್ಲವೆ? ಕೇರಳದ ಶಾಲೆಗಳ ಉದಾಹರಣೆ ಬೇರೆ ಮಾತು. ಅಲ್ಲಿ ಪಠ್ಯಪುಸ್ತಕದಿಂದ ಹಿಡಿದು ತರಬೇತಿಯವರೆಗೆ ಇಡೀ ಸರಕಾರ ಬೆನ್ನಿಗಿದೆ, ಮತ್ತು ಪಾಠದ ಕೊಠಡಿಯಲ್ಲಿ ಗಿರಾಕಿ ಕಾಯುತ್ತಿರುವುದಿಲ್ಲ.

ಲಿನಸ್ ಟೊರ್ವಾಲ್ಡ್ಸ್ 1991ರಲ್ಲಿ ಆರಂಭಿಸಿದ ಲಿನಕ್ಸ್ ಇಂದು ಜಗತ್ತಿನ ಅತಿ ವೇಗದ 500 ಸೂಪರ್‌ಕಂಪ್ಯೂಟರ್‌ಗಳಲ್ಲಿಯೂ ಇದೆ. ಮೇಜಿನ ಮೇಲಿನ ಕಂಪ್ಯೂಟರ್‌ಗಳಲ್ಲಿ ಅದರ ಪಾಲು ಜಾಲತಾಣಗಳ ಬಳಕೆಯನ್ನು ಎಣಿಸುವ ಸ್ಟ್ಯಾಟ್‌ಕೌಂಟರ್‌ನ ಲೆಕ್ಕದಂತೆ ಶೇ. 4ನ್ನು ದಾಟಿದ್ದು 2024ರ ಫೆಬ್ರವರಿಯಲ್ಲಿ. ಸೂಪರ್‌ಕಂಪ್ಯೂಟರನ್ನು ನೋಡಿಕೊಳ್ಳಲು ಸಂಬಳದ ಎಂಜಿನಿಯರುಗಳಿದ್ದಾರೆ, ನಮ್ಮ ಡಿಟಿಪಿ ಟೇಬಲ್ಲಿಗೆ ಯಾರೂ ಇಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲದ ಈ ಅಂತರಕ್ಕೆ ಜನರ ಅಭ್ಯಾಸವನ್ನು ದೂರುವುದು ಅನ್ಯಾಯ.

ಬದಲಾವಣೆ ಬೇಕೆನ್ನುವವರು ಮೊದಲು ಬದಲಿಸಬೇಕಾದದ್ದು ನಮ್ಮ ಹಳೆಯ ಕನ್ನಡ ಫೈಲುಗಳನ್ನು. ಒಂದು ಅರ್ಕಾವೊತ್ತೂ ತಪ್ಪದ ಹಾಗೆ ಹಳೆಯ ಫಾಂಟ್‌ಗಳಿಂದ ಯುನಿಕೋಡ್‌ಗೆ ತರುವ ಪರಿವರ್ತಕ, ಮುದ್ರಣಕ್ಕೆ ಯೋಗ್ಯವಾದ ಇನ್ನಷ್ಟು ಯುನಿಕೋಡ್ ಫಾಂಟ್‌ಗಳು, ಬಣ್ಣ ಕೆಡದ ಪಿಡಿಎಫ್ ಸಿದ್ಧಪಡಿಸುವ ತರಬೇತಿ, ಇವನ್ನು ಸರಕಾರವೂ ವಿಶ್ವವಿದ್ಯಾನಿಲಯಗಳೂ ಕೈಗೆತ್ತಿಕೊಳ್ಳಲಿ. ಇವು ವಿಂಡೋಸ್‌ನಲ್ಲಿ ಕೆಲಸ ಮಾಡುವವರಿಗೂ ಬೇಕು. ಅವು ಬಂದ ದಿನ ನಮ್ಮ ಪುಟವಿನ್ಯಾಸದ ಕಂಪ್ಯೂಟರಿಗೆ ಮತ್ತೆ ಉಬುಂಟು ಹಾಕಲು ನನ್ನ ಒಪ್ಪಿಗೆ ಇದೆ. ಲೆಕ್ಕದ ಕಂಪ್ಯೂಟರ್ ಮಾತ್ರ ಟ್ಯಾಲಿಯವರು ಮನಸ್ಸು ಮಾಡುವವರೆಗೆ ಈಗಿರುವಂತೆಯೇ ಇರುತ್ತದೆ.