ಕರಾವಳಿ ಮುಗಿಯಿತಂತೆ!

ನಮ್ಮ ಚಿಕ್ಕಮ್ಮನ ಮಗ ನಿನ್ನೆ ರಾತ್ರಿ ಕುಟುಂಬದ ವಾಟ್ಸಾಪ್ ಗುಂಪಿಗೆ 140 ಫೋಟೊ ಸುರಿದು, ಕೆಳಗೊಂದು ಸಾಲು ಬರೆದಿದ್ದಾನೆ: ‘ಎರಡು ದಿನದಲ್ಲಿ ಉತ್ತರ ಕನ್ನಡದ ಕರಾವಳಿ ಮುಗಿಸಿದೆವು.’ ಮುಗಿಸಲು ಅದೇನು ಎಲೆಯ ಮೇಲಿನ ಅನ್ನವೇ?

ಅರ್ಧಕ್ಕರ್ಧ ಫೋಟೊ ಮುರುಡೇಶ್ವರದ 123 ಅಡಿಯ ಶಿವನದು. ಹೆಚ್ಚಿನವುಗಳಲ್ಲಿ ಶಿವನಿಗೆ ತಲೆಯಿಲ್ಲ, ಇವನಿಗಿದೆ. ಅಲ್ಲಿನ ದೇವಸ್ಥಾನದ ಗೋಪುರ ಹತ್ತುವ ಲಿಫ್ಟಿಗಾಗಿ ಒಂದೂವರೆ ಗಂಟೆ ಸಾಲಿನಲ್ಲಿ ನಿಂತರಂತೆ. ಅಷ್ಟು ಹೊತ್ತಿನಲ್ಲಿ ಪಕ್ಕದ ಭಟ್ಕಳಕ್ಕೆ ಹೋಗಿ, ಮೂಡಭಟ್ಕಳದ ಖೇತಪೈ ನಾರಾಯಣ ದೇವಸ್ಥಾನ ನೋಡಿ, ಚಹಾ ಕುಡಿದು ವಾಪಸ್ ಬರಬಹುದಿತ್ತು. 16ನೆಯ ಶತಮಾನದ ಗುಡಿ. ನಮ್ಮ ಮಳೆಯ ಪೆಟ್ಟು ತಿಂದವರೇ ಕಟ್ಟಿರಬೇಕು. ಕಲ್ಲುಚಪ್ಪಡಿಯ ಮಾಡು ಹಂಚಿನ ಮನೆಯಂತೆ ಇಳಿಜಾರು. ಮರದ ಪಟ್ಟಿ ಜೋಡಿಸಿದ ಹಾಗೆ ಕಲ್ಲಿನ ಜಾಲಂಧ್ರ, ಅಂದರೆ ಕಿಂಡಿಗಳಿರುವ ಕಲ್ಲಿನ ತಡಿಕೆ. ಹೊರಗೋಡೆಯ ಸುತ್ತ ರಾಮಾಯಣ. ಹೆದ್ದಾರಿಯಿಂದ ಕೂಗಳತೆಯಲ್ಲಿರುವ ಮಿರ್ಜಾನ್ ಕೋಟೆಯೆದುರೂ ಕಾರು ನಿಲ್ಲಲಿಲ್ಲ.

‘ಮಕ್ಕಳು, ವಯಸ್ಸಾದವರು ಇದ್ದರು ಅಣ್ಣ, ಕಲ್ಲು ಯಾರು ನೋಡುತ್ತಾರೆ?’ ಎಂದ. ಸರಿ, ನೆರಳು ಬೇಕು, ಶೌಚಾಲಯ ಬೇಕು, ಹೊತ್ತಿಗೆ ಊಟ ಬೇಕು, ಒಪ್ಪಿದೆ. ಆದರೆ ಚಿಕ್ಕಮ್ಮನ ನೋಯುವ ಮಂಡಿಯನ್ನು ಲಿಫ್ಟಿನ ಸಾಲಿನಲ್ಲಿ ನಿಲ್ಲಿಸಿದವನು ಈ ಮಾತು ಆಡಬಾರದು.

ಜೋಗಕ್ಕೆ ಗೇರುಸೊಪ್ಪೆಯ ಮೇಲೆಯೇ ಹೋಗಿದ್ದಾರೆ. ಪೋರ್ಚುಗೀಸರು ‘ಕಾಳುಮೆಣಸಿನ ರಾಣಿ’ ಎಂದು ಕರೆದ ಚೆನ್ನಭೈರಾದೇವಿ 54 ವರ್ಷ ಆಳಿದ ಊರು. ಶರಾವತಿಯ ದಂಡೆಯ ಕಾಡಿನೊಳಗೆ ಚತುರ್ಮುಖ ಬಸದಿಯಿದೆ: ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಯಾವುದರಿಂದ ಒಳಹೊಕ್ಕರೂ ಎದುರಿಗೆ ತೀರ್ಥಂಕರ. ಇವರು ಅಲ್ಲಿ ರಸ್ತೆ ಬದಿಯ ಮಂಗಗಳಿಗೆ ಚಿಪ್ಸ್ ಹಾಕಿ ಮುಂದೆ ಹೋಗಿದ್ದಾರೆ. ಅದರ ಫೋಟೊ ಹನ್ನೊಂದಿವೆ.

ಇಷ್ಟೆಲ್ಲ ಕೂಗಾಡುವ ನಾನು ಯಾರು? ಹೊನ್ನಾವರದಲ್ಲೇ ಹುಟ್ಟಿ ಬೆಳೆದವನು. ಆ ಬಸದಿಯನ್ನು ಮೊದಲು ನೋಡಿದ್ದು ಮೂವತ್ತೆಂಟನೆಯ ವಯಸ್ಸಿನಲ್ಲಿ, ಅದೂ ಮೈಸೂರಿನ ಗೆಳೆಯನೊಬ್ಬ ಕೈಹಿಡಿದು ಎಳೆದುಕೊಂಡು ಹೋದದ್ದಕ್ಕೆ. ಅಂದು ನಾಚಿಕೆಯಿಂದ ‘ಸಣ್ಣವನಿದ್ದಾಗ ಬಂದಿದ್ದೆ’ ಎಂದು ಅವನಿಗೆ ಸುಳ್ಳು ಹೇಳಿದ್ದೆ. ಅವನು ಇಲ್ಲಿಯೇ ಇದ್ದಾನೆ, ಓದಿಕೊಳ್ಳಲಿ.

ಮಳೆಗಾಲ ಕಳೆದ ಮೇಲೆ ಮತ್ತೆ ಬರುತ್ತಾರಂತೆ. ಮುಗಿದ ಕರಾವಳಿಗೆ ಮತ್ತೇಕೆ ಬರುತ್ತೀಯೋ ಎಂದು ಕೇಳಿದೆ.

‘ಗೋಪುರದ ಮೇಲೆ ಹೋದಾಗ ಮೊಬೈಲಿನ ಚಾರ್ಜ್ ಮುಗಿದಿತ್ತು ಅಣ್ಣ’ ಎಂದ.